ಕೋಲಾರದ ಅಂತರ್ಜಲ ಮತ್ತು ಅಳಿಯದ ರಾಸಾಯನಿಕಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಬಹುಕಾಲದಿಂದ ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿವೆ. ವರ್ಷಕ್ಕೆ ನೆಲದೊಳಗೆ ಇಳಿಯುವ ನೀರಿಗಿಂತ ಮೋಟಾರು ಮೇಲೆತ್ತುವ ನೀರೇ ಹೆಚ್ಚು ಎಂಬುದು ಇದರ ಅರ್ಥ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಮತ್ತು ದಕ್ಷಿಣ ಪಿನಾಕಿನಿ ಈ ಸೀಮೆಯನ್ನು ಹಾದುಹೋದರೂ ಮಳೆಗಾಲದ ಕೆಲವು ದಿನ ಬಿಟ್ಟರೆ ಮರಳಷ್ಟೇ ಉಳಿಯುತ್ತದೆ. ಸರಾಸರಿ 700 ಮಿಲಿಮೀಟರ್ ದಾಟುವ ಮಳೆ ಮರುಭೂಮಿಯ ಮಳೆಯೇನಲ್ಲ. ಆದರೆ ಅದು ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ, ಹಲವು ವರ್ಷ ಕೈಕೊಡುತ್ತದೆ. ಹಿಂದಿನವರು ಈ ನೀರನ್ನು ಹಿಡಿಯಲು ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ಹರಿಯುವಂತೆ ಸಾಲು ಸಾಲು ಕೆರೆ ಕಟ್ಟಿದ್ದರು. ಆ ಸಾಲುಗಳು ಒಣಗಿದ ಮೇಲೆ ಬದುಕು ಪೂರ್ತಿಯಾಗಿ ಬೋರುಗಳಿಗೆ ಜೋತುಬಿತ್ತು. ಕಪಿಲೆ ಬಾವಿಗಳ ಕಾಲಕ್ಕೆ ಕೆಲವೇ ಮಟ್ಟು ಆಳದಲ್ಲಿ ಸಿಗುತ್ತಿದ್ದ ನೀರನ್ನು ಈಗ ಸಾವಿರ ಅಡಿ ದಾಟಿ ಹುಡುಕುವುದು ಸಾಮಾನ್ಯವಾಗಿದೆ.

ಇಂಥ ಸೀಮೆಗೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತರುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ ಬಂತು. ಜನರ ಬಾಯಲ್ಲಿ ಅದು ‘ಕೆ.ಸಿ. ವ್ಯಾಲಿ ನೀರು’. ಬೆಳ್ಳಂದೂರಿನ ಆಸುಪಾಸಿನ ಸಂಸ್ಕರಣಾ ಘಟಕಗಳಿಂದ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಸುಮಾರು 55 ಕಿಲೋಮೀಟರ್ ದೂರ ಪಂಪ್ ಮಾಡಿ ನರಸಾಪುರ ಹೋಬಳಿಯ ಲಕ್ಷ್ಮೀಸಾಗರ ಕೆರೆಗೆ ಸುರಿಯುವುದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಸಿ 126 ಕೆರೆಗಳನ್ನು ತುಂಬಿಸುವುದು ಯೋಜನೆಯ ಮೂಲ ಲೆಕ್ಕ. ಪೂರ್ತಿ ಪ್ರಮಾಣದಲ್ಲಿ ಹರಿದರೆ ವರ್ಷಕ್ಕೆ ಐದೂವರೆ ಟಿಎಂಸಿಗೂ ಸ್ವಲ್ಪ ಹೆಚ್ಚು. ಈ ನೀರನ್ನು ಕುಡಿಯಲು ಕೊಡುವುದಾಗಲಿ, ಕೆರೆಗೆ ಮೋಟಾರು ಇಟ್ಟು ಹೊಲಕ್ಕೆ ಹಾಯಿಸುವುದಾಗಲಿ ಯೋಜನೆಯ ಉದ್ದೇಶವಲ್ಲ. ಕೆರೆಯಲ್ಲಿ ನಿಂತ ನೀರು ನೆಲಕ್ಕಿಳಿದು ಬೋರುಗಳಿಗೆ ಜೀವ ಬರಲಿ ಎಂಬುದು ಉದ್ದೇಶ. ಆದರೆ ಆ ಬೋರುಗಳ ನೀರನ್ನೇ ಊರು ಕುಡಿಯುತ್ತದೆ. ಈ ಬರಹದ ಪ್ರಶ್ನೆ ಹುಟ್ಟುವುದು ಅಲ್ಲಿ.

ಆ ಪ್ರಶ್ನೆಯ ಹೆಸರು ಪಿಫಾಸ್. ಪರ್‌ಫ್ಲೋರೋ ಮತ್ತು ಪಾಲಿಫ್ಲೋರೋ ಆಲ್ಕೈಲ್ ಪದಾರ್ಥಗಳು ಎಂಬ ಉದ್ದದ ಹೆಸರಿನ ಸಂಕ್ಷಿಪ್ತ ರೂಪವಿದು. ಪತ್ರಿಕೆಗಳು ಇವನ್ನು ‘ಶಾಶ್ವತ ರಾಸಾಯನಿಕ’ ಎನ್ನುತ್ತವೆ. ಇಂಗಾಲದ ಪರಮಾಣುಗಳ ಸರಪಳಿಗೆ ಜಲಜನಕದ ಬದಲು ಫ್ಲೋರಿನ್ ಅಂಟಿಕೊಂಡಿರುವ ಸಾವಿರಾರು ಸಂಯುಕ್ತಗಳು ಈ ಗುಂಪಿನಲ್ಲಿವೆ. ಇಂಗಾಲ–ಫ್ಲೋರಿನ್ ಬಂಧ ಸಾವಯವ ರಸಾಯನದಲ್ಲೇ ಅತ್ಯಂತ ಗಟ್ಟಿಯಾದ ಬಂಧಗಳಲ್ಲೊಂದು. ಬಿಸಿಲು, ಮಳೆ, ಮಣ್ಣಿನ ಬ್ಯಾಕ್ಟೀರಿಯಾ ಯಾವುದೂ ಅದನ್ನು ಸುಲಭವಾಗಿ ಮುರಿಯಲಾರದು. ನೀರನ್ನೂ ಎಣ್ಣೆಯನ್ನೂ ದೂರ ತಳ್ಳುವ ಗುಣ ಇವುಗಳಿಗಿದೆ, ಕಾವನ್ನೂ ತಾಳುತ್ತವೆ. ಹಾಗಾಗಿಯೇ ಉದ್ಯಮಗಳು ಇವನ್ನು ಮೆಚ್ಚಿಕೊಂಡವು.

1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಸಾಯನವಿಜ್ಞಾನಿ ರಾಯ್ ಪ್ಲಂಕೆಟ್ ಶೀತಕ ಅನಿಲಗಳ ಪ್ರಯೋಗದಲ್ಲಿದ್ದಾಗ ಸಿಲಿಂಡರೊಂದರಲ್ಲಿ ಅನಿಲದ ಬದಲು ಜಾರುವ ಬಿಳಿ ಪುಡಿ ಸಿಕ್ಕಿತು. ಮುಂದೆ ಟೆಫ್ಲಾನ್ ಎಂದು ಮನೆಮಾತಾದದ್ದು ಅದೇ. ದೋಸೆ ಅಂಟದ ತವಾದಿಂದ ಹಿಡಿದು ಮಳೆಗೆ ನೆನೆಯದ ಜಾಕೆಟ್, ಕಲೆ ಹಿಡಿಯದ ಸೋಫಾ ಬಟ್ಟೆ, ಎಣ್ಣೆ ಇಳಿಯದ ತಿಂಡಿ ಪೊಟ್ಟಣ, ಕ್ರೋಮ್ ಲೇಪನ, ಎಲೆಕ್ಟ್ರಾನಿಕ್ಸ್ ತಯಾರಿಕೆ, ಕೆಲವು ಸೌಂದರ್ಯವರ್ಧಕಗಳವರೆಗೆ ಈ ಕುಟುಂಬ ಹರಡಿಕೊಂಡಿತು. ಪೆಟ್ರೋಲು, ವಿಮಾನ ಇಂಧನದ ಬೆಂಕಿ ಆರಿಸುವ ನೊರೆಯಲ್ಲೂ ಇದೇ ಬಂತು. ಬಟ್ಟೆ ಒಗೆದಾಗ, ಪಾತ್ರೆ ತೊಳೆದಾಗ, ಕಾರ್ಖಾನೆಯ ತೊಟ್ಟಿ ಖಾಲಿ ಮಾಡಿದಾಗ ಅಷ್ಟಷ್ಟೇ ಚರಂಡಿ ಸೇರುತ್ತದೆ. ನಗರದ ಕೊಳಚೆಯಲ್ಲಿ ಪಿಫಾಸ್ ಇರುವುದು ಬೆಂಗಳೂರಿನ ವಿಶೇಷವಲ್ಲ. ಜಗತ್ತಿನಲ್ಲಿ ಹುಡುಕಿದ ಕಡೆಯಲ್ಲೆಲ್ಲ ನಗರಗಳ ಸಂಸ್ಕರಿತ ನೀರಿನಲ್ಲಿ ಅದು ಸಿಕ್ಕಿದೆ.

ಕೋಲಾರದಲ್ಲಿ ಫ್ಲೋರಿನ್ ಎಂದರೆ ಮೊದಲು ನೆನಪಾಗುವುದು ಫ್ಲೋರೈಡ್. ಎರಡನ್ನೂ ಒಂದೇ ಎಂದುಕೊಳ್ಳುವುದು ತಪ್ಪು. ಫ್ಲೋರೈಡ್ ಬಂಡೆಯಿಂದ ಬರುತ್ತದೆ. ಈ ಸೀಮೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರಿನ್ ಹೊತ್ತ ಖನಿಜಗಳಿವೆ. ಆಳದಲ್ಲಿ ದೀರ್ಘಕಾಲ ನಿಂತ ಕ್ಷಾರೀಯ ನೀರು ಅವುಗಳನ್ನು ಕರಗಿಸಿಕೊಳ್ಳುತ್ತದೆ. ಬೋರು ಆಳಕ್ಕಿಳಿದಷ್ಟೂ ಹಳೆಯ ನೀರು ಸಿಗುವುದರಿಂದ ಫ್ಲೋರೈಡ್ ಏರುವ ಸಂಭವವೂ ಹೆಚ್ಚು. ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಪ್ರಮಾಣ. ಬೇರೆ ಮೂಲವಿಲ್ಲದಿದ್ದಾಗ 1.5ರವರೆಗೆ ಸಹಿಸಬಹುದು. ಅದಕ್ಕೂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಹಳದಿ–ಕಂದು ಪಟ್ಟೆ ಕಟ್ಟುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಕೆಲವು ಹಳ್ಳಿಗಳ ಆಳದ ಬೋರುಗಳಲ್ಲಿ ಯುರೇನಿಯಂ ಸಹ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೋಗ್ರಾಂ ದಾಟಿದೆ. ಅದೂ ಗ್ರಾನೈಟಿನದೇ ಕೊಡುಗೆ. ಇವೆಲ್ಲ ನೆಲದ ಗುಣದಿಂದ ಬಂದ ತೊಂದರೆಗಳು.

ಪಿಫಾಸ್ ಹಾಗಲ್ಲ. ಅದು ಕಾರ್ಖಾನೆಯಲ್ಲಿ ಹುಟ್ಟಿದ್ದು, ಮೇಲಿನಿಂದ ಕೆಳಗಿಳಿಯುವಂಥದ್ದು. ಅಳತೆಯೂ ಬೇರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಪಿಎಫ್‌ಒಎ ಮತ್ತು ಪಿಎಫ್‌ಒಎಸ್ ಎಂಬ ಎರಡು ಮುಖ್ಯ ಸಂಯುಕ್ತಗಳಿಗೆ ಕುಡಿಯುವ ನೀರಿನಲ್ಲಿ ತಲಾ ಲೀಟರಿಗೆ 4 ನ್ಯಾನೋಗ್ರಾಂ ಮಿತಿ ಹಾಕಿತು. ಒಂದು ಮಿಲಿಗ್ರಾಂನಲ್ಲಿ ಹತ್ತು ಲಕ್ಷ ನ್ಯಾನೋಗ್ರಾಂ ಇರುತ್ತವೆ. ಅಂದರೆ ಫ್ಲೋರೈಡಿನ 1.5 ಮಿಲಿಗ್ರಾಂ ಮಿತಿಗಿಂತ ಇದು ಸುಮಾರು ಮೂರೂಮುಕ್ಕಾಲು ಲಕ್ಷ ಪಟ್ಟು ಕಡಿಮೆ. ಇನ್ನೊಂದು ಲೆಕ್ಕ ಹಾಕಬಹುದು. ಕೆ.ಸಿ. ವ್ಯಾಲಿಯ ಕೊಳವೆಯಲ್ಲಿ ದಿನವೊಂದಕ್ಕೆ ಹರಿಯಬೇಕಾದ 44 ಕೋಟಿ ಲೀಟರ್ ನೀರೂ ಈ 4 ನ್ಯಾನೋಗ್ರಾಂ ಮಟ್ಟ ಮುಟ್ಟಲು ಎಷ್ಟು ಪಿಎಫ್‌ಒಎ ಬೇಕು? ಒಂದೂಮುಕ್ಕಾಲು ಗ್ರಾಂ, ಅಡುಗೆಗೆ ಹಾಕುವ ಕೆಲವು ಚಿಟಿಕೆ ಉಪ್ಪಿನಷ್ಟು. ಬೆಂಗಳೂರಿನಂಥ ನಗರದ ಒಂದು ಭಾಗದ ಚರಂಡಿಗೆ ದಿನಕ್ಕೆ ಅಷ್ಟು ಸೇರುವುದಕ್ಕೆ ದೊಡ್ಡ ಅವಘಡವೇನೂ ಬೇಕಿಲ್ಲ. ದಿನನಿತ್ಯದ ಬಳಕೆಯೇ ಸಾಕು.

ಇಷ್ಟು ಕಡಿಮೆ ಪ್ರಮಾಣಕ್ಕೆ ಹೆದರಬೇಕೆ ಎಂಬ ಸಂಶಯಕ್ಕೆ ಉತ್ತರ ದೇಹದೊಳಗಿದೆ. ಉದ್ದ ಸರಪಳಿಯ ಪಿಫಾಸ್ ಒಮ್ಮೆ ರಕ್ತಕ್ಕೆ ಸೇರಿದರೆ ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಉಳಿಯುತ್ತದೆ. ಅರ್ಧದಷ್ಟು ಹೊರಹೋಗಲು ಹಲವು ವರ್ಷ ಹಿಡಿಯುತ್ತದೆ. ದಿನವೂ ಕುಡಿಯುವ ನೀರಿನಲ್ಲಿ ಸ್ವಲ್ಪವೇ ಇದ್ದರೂ ದೇಹದಲ್ಲಿ ಅದು ಕೂಡುತ್ತ ಹೋಗುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಸಮೀಪದ ಡ್ಯೂಪಾಂಟ್ ಕಾರ್ಖಾನೆಯಿಂದ ಪಿಎಫ್‌ಒಎ ನೀರಿಗೆ ಸೇರಿದ ಮೇಲೆ ಜನ ಕೋರ್ಟಿಗೆ ಹೋದರು. ಒಪ್ಪಂದದ ಭಾಗವಾಗಿ ಸುಮಾರು 69,000 ಜನರ ಆರೋಗ್ಯ ಮಾಹಿತಿ ಮತ್ತು ರಕ್ತದ ಮಾದರಿ ಸಂಗ್ರಹವಾಯಿತು. ಅದನ್ನು ಅಭ್ಯಸಿಸಿದ ವಿಜ್ಞಾನಿಗಳ ಸಮಿತಿ 2012ರ ವೇಳೆಗೆ ಆರು ಆರೋಗ್ಯ ಸಮಸ್ಯೆಗಳ ಜೊತೆ ಸಂಭವನೀಯ ಸಂಬಂಧ ಗುರುತಿಸಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ರೋಗ, ಕರುಳಿನ ಹುಣ್ಣಿನ ಉರಿಯೂತ, ಹೆಚ್ಚಿದ ಕೊಲೆಸ್ಟರಾಲ್, ಗರ್ಭಿಣಿಯರ ರಕ್ತದೊತ್ತಡ. ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ರೋಗನಿರೋಧಕ ಕಾಯಗಳು ಕಡಿಮೆಯಾಗುವುದನ್ನೂ ಬೇರೆ ಅಧ್ಯಯನಗಳು ಕಂಡಿವೆ. 2023ರ ಕೊನೆಯಲ್ಲಿ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಪಿಎಫ್‌ಒಎಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು.

ಈಗ ಕೊಳಚೆ ನೀರು ಶುದ್ಧವಾಗುವ ಬಗೆಯನ್ನು ನೋಡಬೇಕು. ಮೊದಲ ಹಂತದಲ್ಲಿ ಕಸ, ಮರಳು, ಜಿಡ್ಡು ಬೇರ್ಪಡುತ್ತದೆ. ಎರಡನೇ ಹಂತದಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸಿ, ಕೊಳೆಯುವ ಪದಾರ್ಥವನ್ನು ಅವುಗಳಿಂದ ತಿನ್ನಿಸಲಾಗುತ್ತದೆ. ಕೋಲಾರಕ್ಕೆ ಹರಿಸಿದ್ದು ಈ ಎರಡನೇ ಹಂತ ದಾಟಿದ ನೀರು. ಬ್ಯಾಕ್ಟೀರಿಯಾ ಪಿಫಾಸನ್ನು ತಿನ್ನಲಾರವು. ಇನ್ನೂ ಒಂದು ತೊಡಕಿದೆ: ಬಟ್ಟೆ ಮತ್ತು ಕಾಗದದ ಲೇಪನಗಳಲ್ಲಿರುವ ಕೆಲವು ದೊಡ್ಡ ಫ್ಲೋರಿನ್ ಅಣುಗಳನ್ನು ಅವು ಅರ್ಧಂಬರ್ಧ ಕತ್ತರಿಸುತ್ತವೆ, ಕತ್ತರಿಸಿದ ಮೇಲೆ ಉಳಿಯುವ ತುಂಡು ಪಿಎಫ್‌ಒಎಯಂಥದ್ದೇ. ಆದ್ದರಿಂದ ಘಟಕಕ್ಕೆ ಬಂದ ನೀರಿಗಿಂತ ಹೊರಬಿದ್ದ ನೀರಿನಲ್ಲಿ ಪಿಎಫ್‌ಒಎ ಹೆಚ್ಚು ಕಂಡುಬಂದ ಉದಾಹರಣೆಗಳು ಹಲವು ದೇಶಗಳಲ್ಲಿವೆ. ಉದ್ದ ಸರಪಳಿಯವು ಒಂದಿಷ್ಟು ಪಾಲು ಕೆಸರಿಗೆ ಅಂಟಿ ಅಲ್ಲೇ ಉಳಿಯುತ್ತವೆ. ಗಿಡ್ಡ ಸರಪಳಿಯವು ನೀರಿನ ಜೊತೆಯೇ ಹೊರಡುತ್ತವೆ.

ಕೆ.ಸಿ. ವ್ಯಾಲಿ ನೀರಿನ ಗುಣಮಟ್ಟದ ಜಗಳ ಯೋಜನೆಯಷ್ಟೇ ಹಳೆಯದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರಕ್ಕೆ ನೀರು ಬಂತು. ವರ್ಷಗಳಿಂದ ಬಣಗುಟ್ಟಿದ್ದ ಕೆರೆಗೆ ನೀರು ಕಂಡ ಸಂಭ್ರಮ ಇನ್ನೂ ಆರಿರಲಿಲ್ಲ, ಜುಲೈನಲ್ಲಿ ನೊರೆ ಎದ್ದಿತು. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿದ್ದನ್ನೂ ಬೆಂಕಿ ಹೊತ್ತಿ ಉರಿದದ್ದನ್ನೂ ನೋಡಿದ್ದ ಜನಕ್ಕೆ ಆ ನೊರೆ ಏನನ್ನು ಹೇಳಿತೆಂದು ವಿವರಿಸಬೇಕಿಲ್ಲ. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಅವರ ಅರ್ಜಿಯ ಮೇಲೆ ಅದೇ ತಿಂಗಳು ಹೈಕೋರ್ಟ್ ತಡೆ ನೀಡಿತು. ಸೆಪ್ಟೆಂಬರ್‌ನಲ್ಲಿ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆದು, ಏಪ್ರಿಲ್‌ನಲ್ಲಿ ಆ ತಡೆಯನ್ನೂ ತೆರವುಗೊಳಿಸಿತು. ನೀರು ಹರಿಯಿತು. ‘ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ’ ಎಂಬ ಬೇಡಿಕೆ ಅಂದಿನಿಂದಲೂ ನಿಂತಿಲ್ಲ.

ಯೋಜನೆಯಿಂದ ಒಳಿತಾಗಿಲ್ಲ ಎನ್ನುವುದು ಸುಳ್ಳಾಗುತ್ತದೆ. ಕೆರೆ ತುಂಬಿದ ಊರುಗಳ ಸುತ್ತ ನೀರಿನ ಮಟ್ಟ ಮೇಲೆ ಬಂದಿದೆ, ಬತ್ತಿದ ಬೋರುಗಳು ಮತ್ತೆ ನೀರೆತ್ತಿವೆ. ಟೊಮೆಟೊ, ರೇಷ್ಮೆ, ಹಾಲು, ಮಾವು ನಂಬಿದ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ. ಮೇಲಿನಿಂದ ಹೊಸ ನೀರು ಇಳಿದು ಬೆರೆತ ಕಡೆ ಫ್ಲೋರೈಡಿನ ಸಾಂದ್ರತೆ ತಗ್ಗುವ ಸಾಧ್ಯತೆಯೂ ಇದೆ. ಈ ಸೀಮೆಯ ರೈತರು ಬೋರು ಫೇಲಾಗಿ ಹೊತ್ತ ಸಾಲದ ಹೊರೆ ಬಲ್ಲವರು ಯಾರೂ ಈ ನೀರನ್ನು ನಿಲ್ಲಿಸಿ ಎಂದು ಹಗುರವಾಗಿ ಹೇಳಲಾರರು. ಆದರೆ ಒಳಿತಾದ ದಾರಿಯೇ ಕೆಡುಕಿನ ದಾರಿಯೂ ಆಗಬಲ್ಲದು ಎಂಬುದನ್ನು ಇಲ್ಲಿನ ನೆಲದ ರಚನೆ ಹೇಳುತ್ತದೆ. ಮೇಲ್ಪದರದಲ್ಲಿ ಶಿಥಿಲಗೊಂಡ ಕಲ್ಲಿನ ಮಣ್ಣು, ಅದರ ಕೆಳಗೆ ಗಟ್ಟಿ ಬಂಡೆ, ಬಂಡೆಯಲ್ಲಿ ಬಿರುಕುಗಳು. ನೀರು ಸೋಸಿಕೊಳ್ಳುವುದೇನಿದ್ದರೂ ಮೇಲಿನ ಪದರದಲ್ಲಿ. ಬಿರುಕು ಸೇರಿದ ಮೇಲೆ ಸೋಸುವಿಕೆ ಬಹುಮಟ್ಟಿಗೆ ಮುಗಿಯಿತು. ಸುತ್ತಲ ಬೋರುಗಳ ಎಳೆತಕ್ಕೆ ಸಿಕ್ಕಿ ಅದು ಬೇಗ ಸಾಗುತ್ತದೆ. ರೋಗಾಣುಗಳೂ ಕೆಲವು ಲೋಹಗಳೂ ಮಣ್ಣಿನಲ್ಲಿ ತಡೆಯಲ್ಪಡುತ್ತವೆ, ನಿಜ. ಗಿಡ್ಡ ಸರಪಳಿಯ ಪಿಫಾಸನ್ನು ಮಣ್ಣು ಹೆಚ್ಚು ಹಿಡಿದಿಡುವುದಿಲ್ಲ. ಕೆರೆಯಲ್ಲಿ ಆವಿಯಾಗುವುದು ನೀರು ಮಾತ್ರ, ಪಿಫಾಸ್ ಅಲ್ಲ. ಆದ್ದರಿಂದ ಬೇಸಿಗೆಯಲ್ಲಿ ಕೆರೆ ಕುಗ್ಗಿದಂತೆ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ಬೋರಿನಿಂದ ಹೊಲಕ್ಕೆ ಹೋಗಿ ಮತ್ತೆ ನೆಲಕ್ಕಿಳಿಯುವ ನೀರಿಗೂ ಇದೇ ಮಾತು.

ಅಂತರ್ಜಲವನ್ನೇ ನಂಬಿದ ಮರುಭೂಮಿಯ ನಗರವೊಂದು ಇದನ್ನೆಲ್ಲ ಕಂಡಿದೆ. ಅಮೆರಿಕದ ಅರಿಜೋನಾದ ಟ್ಯೂಸಾನ್‌ನಲ್ಲಿ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ. ದಶಕಗಳ ಕಾಲ ಬೋರುಗಳಿಂದ ನೀರೆತ್ತಿ ಮಟ್ಟ ಕುಸಿದ ಮೇಲೆ ಆ ನಗರ ಕೊಲರಾಡೊ ನದಿಯ ನೀರನ್ನು ಕಾಲುವೆಯಲ್ಲಿ ತರಿಸಿಕೊಂಡಿತು. 1990ರ ದಶಕದಲ್ಲಿ ಅದನ್ನು ನೇರವಾಗಿ ನಲ್ಲಿಗೆ ಬಿಟ್ಟಾಗ ಹಳೆಯ ಪೈಪುಗಳ ತುಕ್ಕು ಕಿತ್ತುಬಂದು ಜನ ಸಿಟ್ಟಿಗೆದ್ದರು. ಆಮೇಲೆ ನಗರದಾಚೆಯ ಕಣಿವೆಯಲ್ಲಿ ಹೊಂಡಗಳಿಗೆ ನೀರು ಬಿಟ್ಟು, ನೆಲಕ್ಕಿಳಿಸಿ, ಬಾವಿಗಳಿಂದ ಮತ್ತೆ ಎತ್ತುವ ಕ್ರಮ ಬಂತು. ಕೋಲಾರದ ಕೆರೆಗಳು ಮಾಡುತ್ತಿರುವ ಕೆಲಸವೇ ಅದು. ಇತ್ತ ನಗರದ ವಾಯುನೆಲೆ ಮತ್ತು ವಿಮಾನ ನಿಲ್ದಾಣದ ಪ್ರದೇಶದಲ್ಲಿ ಬೆಂಕಿ ಆರಿಸುವ ನೊರೆಯ ಪಿಫಾಸ್ ಅಂತರ್ಜಲ ಸೇರಿತ್ತು. ಅಲ್ಲಿ ಹಳೆಯ ಕೈಗಾರಿಕಾ ದ್ರಾವಕಗಳನ್ನು ತೆಗೆಯಲು ಕಟ್ಟಿದ್ದ ಶುದ್ಧೀಕರಣ ಘಟಕವೊಂದಿತ್ತು. ಒಳಬರುವ ನೀರಿನಲ್ಲಿ ಪಿಫಾಸ್ ಏರುತ್ತ ಹೋದದ್ದರಿಂದ 2021ರಲ್ಲಿ ಆ ಘಟಕದಿಂದ ಕುಡಿಯುವ ನೀರು ಕೊಡುವುದನ್ನೇ ನಿಲ್ಲಿಸಬೇಕಾಯಿತು. ಹಲವು ಬಾವಿಗಳೂ ಮುಚ್ಚಿದವು. 2024ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಅಮೆರಿಕದ ವಾಯುಪಡೆಗೇ ಶುದ್ಧೀಕರಣದ ಆದೇಶ ಕೊಟ್ಟಿತು. ಟ್ಯೂಸಾನ್‌ಗೆ ಬಾವಿ ಮುಚ್ಚಿದರೂ ಕೊಲರಾಡೊ ನೀರಿತ್ತು.

ಕೋಲಾರಕ್ಕಿರುವ ಬೇರೆ ಮೂಲಗಳು ಕಡಿಮೆ. ಮಾರ್ಕಂಡೇಯ ನದಿಗೆ ಯರಗೋಳ್ ಬಳಿ ಕಟ್ಟಿದ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೂ ದಾರಿಯ 45 ಹಳ್ಳಿಗಳಿಗೂ ಅದರ ನೀರು. ಮುಳಬಾಗಿಲು, ಶ್ರೀನಿವಾಸಪುರ ಅದರ ಲೆಕ್ಕದಲ್ಲಿಲ್ಲ. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಚಾಲನೆ ಸಿಕ್ಕರೂ ಬಯಲುಸೀಮೆಯ ಈ ತುದಿಗೆ ದಾರಿ ಉದ್ದ. ಹಾಗಾಗಿ ಹೆಚ್ಚಿನ ಹಳ್ಳಿಗಳಿಗೆ ಬೋರೇ ಗತಿ. ಕುಡಿಯುವುದಕ್ಕೆ ಪಂಚಾಯಿತಿಯ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನು. ಫ್ಲೋರೈಡಿಗಾಗಿ ಬಂದ, ಪೊರೆಯ ಮೂಲಕ ನೀರು ಸೋಸುವ ಈ ಆರ್‌ಒ ಘಟಕಗಳಿಗೆ ಪಿಫಾಸ್ ತಡೆಯುವ ಶಕ್ತಿಯೂ ಇದೆ, ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದರೆ. ಆದರೆ ಪೊರೆ ತಡೆದದ್ದು ಮಾಯವಾಗುವುದಿಲ್ಲ. ಘಟಕ ಹೊರಗೆ ಬಿಡುವ ನೀರಿನಲ್ಲಿ ಅದು ಸಾಂದ್ರವಾಗಿ ಪಕ್ಕದ ಚರಂಡಿಗೆ ಇಳಿಯುತ್ತದೆ, ಅಲ್ಲಿಂದ ಮತ್ತೆ ನೆಲಕ್ಕೆ. ಮನೆಯಲ್ಲಿ ನೀರು ಕುದಿಸುವುದು ರೋಗಾಣುಗಳಿಗೆ ಮದ್ದು. ಪಿಫಾಸಿಗೆ ಅದರಿಂದ ಏನೂ ಆಗದು, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ದನಕರುಗಳಿಗಾಗಲಿ ಹೊಲಕ್ಕಾಗಲಿ ಕ್ಯಾನಿನ ನೀರು ಯಾರೂ ಕೊಡುವುದಿಲ್ಲ. ಗಿಡ್ಡ ಸರಪಳಿಯ ಪಿಫಾಸನ್ನು ಬೇರು ಹೀರಿ ಎಲೆಗೆ, ಕಾಯಿಗೆ ಸಾಗಿಸುತ್ತದೆ. ಉದ್ದ ಸರಪಳಿಯದು ಮೇವು ಮತ್ತು ನೀರಿನ ಮೂಲಕ ಹಸುವಿನ ಹಾಲಿಗೆ ಬರುತ್ತದೆ. ಕೊಳಚೆ ಘಟಕದ ಕೆಸರನ್ನು ಗೊಬ್ಬರವಾಗಿ ಹೊಲಕ್ಕೆ ಹಾಕಿದ ಅಮೆರಿಕದ ಮೇನ್ ರಾಜ್ಯದಲ್ಲಿ ಹಾಲಿನ ಡೇರಿಗಳೇ ಮುಚ್ಚಿದವು. 2022ರಲ್ಲಿ ಆ ರಾಜ್ಯ ಕೆಸರು ಹರಡುವುದನ್ನು ನಿಷೇಧಿಸಿತು. ಸೊಪ್ಪು, ತರಕಾರಿ, ಹಾಲು ಮೂರನ್ನೂ ಬೆಂಗಳೂರಿಗೆ ಕಳಿಸುವ ಜಿಲ್ಲೆಗೆ ಈ ಸಂಗತಿ ದೂರದ್ದಲ್ಲ. ಬೆಂಗಳೂರು ಬಿಟ್ಟದ್ದು ಬೆಂಗಳೂರಿನ ತಟ್ಟೆಗೇ ಮರಳಬಹುದು.

ಕಾನೂನು ಈ ವಿಷಯದಲ್ಲಿ ಬಹಳ ಹಿಂದಿದೆ. ಸ್ಟಾಕ್‌ಹೋಮ್ ಒಪ್ಪಂದ 2009ರಲ್ಲಿ ಪಿಎಫ್‌ಒಎಸ್, 2019ರಲ್ಲಿ ಪಿಎಫ್‌ಒಎ, 2022ರಲ್ಲಿ ಪಿಎಫ್‌ಎಚ್‌ಎಕ್ಸ್‌ಎಸ್ ಎಂಬ ಮೂರನೆಯದನ್ನು ತನ್ನ ಪಟ್ಟಿಗೆ ಸೇರಿಸಿತು. ಭಾರತ 2020ರಲ್ಲಿ ಆ ಪಟ್ಟಿಯ ಏಳು ರಾಸಾಯನಿಕಗಳ ನಿರ್ಬಂಧಕ್ಕೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಪಿಫಾಸ್ ಒಂದೂ ಇರಲಿಲ್ಲ. ಕುಡಿಯುವ ನೀರಿನ ಮಾನದಂಡವಾದ ಐಎಸ್ 10500ರಲ್ಲಿ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಕೀಟನಾಶಕಗಳಿಗೆ ಮಿತಿಗಳಿವೆ. 2012ರಲ್ಲಿ ಅದನ್ನು ಪರಿಷ್ಕರಿಸಿದಾಗ ಪಿಫಾಸಿಗೆ ಸಾಲೊಂದು ಬರಲಿಲ್ಲ. 2017ರ ಕೊಳಚೆ ಸಂಸ್ಕರಣಾ ಘಟಕಗಳ ಅಧಿಸೂಚನೆ ನೋಡುವುದು ಆಮ್ಲೀಯತೆ, ಬಿಒಡಿ (ಕೊಳೆಯುವ ಪದಾರ್ಥದ ಅಳತೆ), ತೇಲುವ ಘನ ಪದಾರ್ಥ, ಮಲದ ಬ್ಯಾಕ್ಟೀರಿಯಾಗಳನ್ನು. ಈ ಎಲ್ಲದರಲ್ಲೂ ಪಾಸಾದ ನೀರಿಗೆ ‘ಮಾನದಂಡಕ್ಕೆ ಅನುಗುಣ’ ಎಂಬ ಪ್ರಮಾಣಪತ್ರ ಸಿಗುತ್ತದೆ. ಪ್ರಮಾಣಪತ್ರ ಸುಳ್ಳಲ್ಲ, ಆದರೆ ಕೇಳದ ಪ್ರಶ್ನೆಗೆ ಅದರಲ್ಲಿ ಉತ್ತರ ಇರುವುದಿಲ್ಲ. ಐರೋಪ್ಯ ಒಕ್ಕೂಟ ಕುಡಿಯುವ ನೀರಿನಲ್ಲಿ 20 ಪಿಫಾಸ್‌ಗಳ ಮೊತ್ತಕ್ಕೆ ಲೀಟರಿಗೆ 100 ನ್ಯಾನೋಗ್ರಾಂ ಮಿತಿ ಹಾಕಿದೆ. ನೆರೆಯ ಚೆನ್ನೈನಲ್ಲಿ ಐಐಟಿ ಮದ್ರಾಸಿನ ಸಂಶೋಧಕರು ಅಡ್ಯಾರ್ ನದಿ, ಬಕಿಂಗ್‌ಹ್ಯಾಮ್ ಕಾಲುವೆ, ಚೆಂಬರಂಬಾಕ್ಕಂ ಕೆರೆಗಳಲ್ಲಿ ಪಿಫಾಸ್ ಕಂಡಿದ್ದಾರೆ. ದಕ್ಷಿಣ ಭಾರತದ ನಗರಗಳ ನೀರಿನಲ್ಲಿ ಇದು ಇರಲಾರದು ಎಂಬ ವಾದಕ್ಕೆ ಇನ್ನು ಜಾಗವಿಲ್ಲ.

ತೆಗೆಯುವ ವಿಧಾನಗಳಿವೆ, ದುಬಾರಿ. ಹರಳಿನಂಥ ಸಕ್ರಿಯ ಇಂಗಾಲದ ಹಾಸಿನ ಮೂಲಕ ನೀರು ಹಾಯಿಸಿದರೆ ಉದ್ದ ಸರಪಳಿಯವು ಚೆನ್ನಾಗಿ ಅಂಟುತ್ತವೆ. ಗಿಡ್ಡವು ಬೇಗ ನುಸುಳುತ್ತವೆ. ಅಯಾನು ವಿನಿಮಯ ರಾಳ ಗಿಡ್ಡವನ್ನೂ ಒಂದಷ್ಟು ಹಿಡಿಯುತ್ತದೆ. ಆರ್‌ಒ ಎಲ್ಲಕ್ಕಿಂತ ಬಿಗಿ, ವಿದ್ಯುತ್ ಖರ್ಚೂ ಹೊರಬಿಡುವ ನೀರೂ ಹೆಚ್ಚು. ಬಳಸಿದ ಇಂಗಾಲವನ್ನು ಸಾವಿರ ಡಿಗ್ರಿ ಸೆಲ್ಸಿಯಸ್ ಸಮೀಪದ ಅಥವಾ ಅದಕ್ಕೂ ಮೀರಿದ ಕಾವಿನಲ್ಲಿ ಸುಡದಿದ್ದರೆ ಬಂಧ ಮುರಿಯುವುದಿಲ್ಲ. ‘ಮೂರನೇ ಹಂತ’ ಎಂದು ಕೇಳುವಾಗಲೂ ಎಚ್ಚರ ಬೇಕು. ಮರಳು ಸೋಸುಕ ಮತ್ತು ಕ್ಲೋರಿನ್ ಸೇರಿಸಿದರೂ ಅದು ಮೂರನೇ ಹಂತವೇ, ಪಿಫಾಸ್ ಮಾತ್ರ ಹಾಗೇ ಹಾದುಹೋಗುತ್ತದೆ. ಬೇಡಿಕೆಯಲ್ಲಿ ಇಂಗಾಲವೋ ಪೊರೆಯೋ ಎಂದು ಬಿಡಿಸಿ ಹೇಳಬೇಕು. ಇದಕ್ಕಿಂತ ಅಗ್ಗದ ದಾರಿ ಮೂಲದಲ್ಲಿದೆ: ಬೆಂಗಳೂರಿನ ಲೇಪನ, ಬಟ್ಟೆ, ಎಲೆಕ್ಟ್ರಾನಿಕ್ಸ್ ಘಟಕಗಳ ತ್ಯಾಜ್ಯವನ್ನು ಮನೆಗಳ ಕೊಳಚೆಗೆ ಬೆರೆಯುವ ಮೊದಲೇ ತಡೆದು ಶುದ್ಧೀಕರಿಸುವುದು. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೂ ಅದೇ ನಿಯಮ ಬೇಕು. ಅವು ಇದೇ ಕೆರೆಗಳ ಮೇಲ್ಭಾಗದಲ್ಲೋ ಮಗ್ಗುಲಲ್ಲೋ ಇವೆ.

ಮೊದಲು ಆಗಬೇಕಾದದ್ದು ಪರೀಕ್ಷೆ. ಊರಿನ ನೀರು ಪರೀಕ್ಷೆಯ ಕಿಟ್‌ನಿಂದ ಇದು ಆಗದು. ನ್ಯಾನೋಗ್ರಾಂ ಅಳೆಯಲು ದ್ರವ ಕ್ರೊಮ್ಯಾಟೋಗ್ರಫಿ ಜೊತೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಅಂಥ ಉಪಕರಣಗಳು ಬೆಂಗಳೂರಿನ ಪ್ರಯೋಗಾಲಯಗಳಲ್ಲಿವೆ, ಅರುವತ್ತು–ಎಪ್ಪತ್ತು ಕಿಲೋಮೀಟರ್ ದೂರದಲ್ಲಿ. ಮಾದರಿ ತೆಗೆಯುವವರು ಟೆಫ್ಲಾನ್ ಮುಚ್ಚಳದ ಬಾಟಲಿ ಬಳಸಿದರೆ, ನೀರು ಇಳಿಯದ ಜಾಕೆಟ್ ತೊಟ್ಟಿದ್ದರೆ ಅವುಗಳ ಪಿಫಾಸೇ ಮಾದರಿಗೆ ಸೇರಿ ಫಲಿತಾಂಶ ಕೆಡುತ್ತದೆ; ಅದಕ್ಕಾಗಿ ಪಾಲಿಪ್ರೊಪಿಲೀನ್ ಅಥವಾ ಪಾಲಿಥಿಲೀನ್ ಬಾಟಲಿಗಳನ್ನೇ ಬಳಸುತ್ತಾರೆ. ಬೆಳ್ಳಂದೂರಿನಲ್ಲಿ ಪಂಪಿಗೆ ಹೋಗುವ ನೀರು, ಲಕ್ಷ್ಮೀಸಾಗರಕ್ಕೆ ಬೀಳುವ ನೀರು, ಸರಣಿಯ ನಡುವಿನ ಹಾಗೂ ಕೊನೆಯ ಕೆರೆಗಳ ನೀರು, ಪ್ರತಿ ಕೆರೆಯ ಏರಿ ಕೆಳಗಿನ ಬೋರು, ಕೆ.ಸಿ. ವ್ಯಾಲಿ ನೀರು ಮುಟ್ಟದ ದೂರದ ಬೋರು: ಇಷ್ಟನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಅಳೆದರೆ ಚಿತ್ರ ಸಿಗುತ್ತದೆ. ಮುಟ್ಟದ ಬೋರಿನ ಮಾದರಿ ಬಿಟ್ಟರೆ ಹೋಲಿಸಲು ಏನೂ ಉಳಿಯುವುದಿಲ್ಲ. ಗಿಡ್ಡ ಸರಪಳಿಯವು ನೆಲದಲ್ಲಿ ಮುಂದೆ ಓಡುವುದರಿಂದ ಬೋರಿನಲ್ಲಿ ಮೊದಲು ಕಾಣಿಸುವುದು ಅವೇ. ಆದ್ದರಿಂದ ಪಿಎಫ್‌ಒಎ, ಪಿಎಫ್‌ಒಎಸ್ ಎರಡನ್ನೇ ಹುಡುಕದೆ ಪಿಎಫ್‌ಬಿಎ, ಪಿಎಫ್‌ಬಿಎಸ್‌ನಂಥ ಗಿಡ್ಡ ಸಂಯುಕ್ತಗಳನ್ನೂ ಅಳೆಯುವ ಪರೀಕ್ಷೆ ಬೇಕು. ಅವು ಬೋರಿನಲ್ಲಿ ಕಂಡರೆ, ಉದ್ದ ಸರಪಳಿಯವು ಹಿಂದೆ ಬರುತ್ತಿರಬಹುದು ಎಂದು ತಿಳಿದು ಬೆಳ್ಳಂದೂರಿನ ಘಟಕದಲ್ಲಿ ಇಂಗಾಲದ ಹಾಸು ಸೇರಿಸಲು ಸ್ವಲ್ಪ ಸಮಯ ಸಿಗಬಹುದು.